ದೊಡ್ಡಮ್ಮನ ತಲೆಯಲ್ಲಿ ಹಳೆಯ ಅನ್ಯೂರಿಸಂ ಕ್ಲಿಪ್ ಉಂಟು, ಎಂಆರ್‌ಐ ಮಾಡಬಹುದಾ? ಈ ಕ್ಲಿಪ್‌ಗಳ ಚರಿತ್ರೆ ಗೊತ್ತಿದ್ದವರು ಹೇಳಿ

ಕೊಟ್ಟಾರದವಳು
ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಮ್ಮನಿಗೆ ತೊಂಬತ್ತರ ದಶಕದ ಶುರುವಿನಲ್ಲಿ ಮೆದುಳಿನ ರಕ್ತನಾಳದ ಉಬ್ಬು (ಅದಕ್ಕೇ ಅನ್ಯೂರಿಸಂ ಅನ್ನುವುದು) ಒಡೆದು ಆಪರೇಷನ್ ಆಗಿತ್ತು. ತಲೆ ಬಿಚ್ಚಿ ಕ್ಲಿಪ್ ಹಾಕಿದ್ದು. ದೇವರ ದಯೆಯಿಂದ ಆಮೇಲೆ ಏನೂ ತೊಂದರೆ ಆಗಲಿಲ್ಲ. ಈಗಲೂ ಶಂಕರಪುರದ ಮನೆಯಲ್ಲಿ ಬೆಳಿಗ್ಗೆ ಎದ್ದು ಮಲ್ಲಿಗೆ ಕೊಯ್ತಾರೆ.

ಈಗ ಸೊಂಟನೋವು, ಒಂದು ಕಾಲು ಜೋಮು ಹಿಡಿಯುತ್ತದೆ. ಡಾಕ್ಟ್ರು ಬೆನ್ನಿನ ಎಂಆರ್‌ಐ ಬರೆದುಕೊಟ್ಟರು. ಸ್ಕ್ಯಾನ್ ಸೆಂಟರಿನವರು ಫಾರ್ಮಿನಲ್ಲಿ ಕ್ಲಿಪ್ ಅಂತ ಓದಿದ ಕೂಡಲೇ ಬೇಡ ಅಂದುಬಿಟ್ಟರು. ಯಾವ ಕಂಪೆನಿ, ಯಾವ ಲೋಹ, ಪೇಪರ್ ತನ್ನಿ ಅಂತ. ಆ ಫೈಲನ್ನು ಅಟ್ಟದಲ್ಲಿ ಗೆದ್ದಲು ತಿಂದು ಎಷ್ಟೋ ವರ್ಷ ಆಯ್ತು. ಇನ್ನೊಂದು ಕಡೆ ಕೇಳಿದ್ರೆ "ಕ್ಲಿಪ್ ಎಲ್ಲ ಟೈಟಾನಿಯಂ, ಕರ್ಕೊಂಡು ಬನ್ನಿ" ಅಂದ್ರು. ಯಾರನ್ನು ನಂಬುವುದು? ಆ ಕಾಲದಲ್ಲಿ ಎಂತೆಂಥ ಕ್ಲಿಪ್ ಹಾಕ್ತಿದ್ರು ಅಂತ ಗೊತ್ತಿದ್ದವರು ದಯವಿಟ್ಟು ಬರೀರಿ.

ಸುಲ್ತಾನ್ ಬತ್ತೇರಿ
ನಮ್ಮ ಮಾವನಿಗೂ ಕ್ಲಿಪ್ ಉಂಟು. ಎರಡು ಸಲ ಎಂಆರ್‌ಐ ಆಗಿದೆ, ಎಂತ ಆಗಲಿಲ್ಲ. ಧೈರ್ಯವಾಗಿ ಮಾಡಿಸಿ.

ಎಂಆರ್‌ಐ ಕನ್ಸೋಲ್
ಬತ್ತೇರಿಯವರೇ, ಹಾಗೆ ಹೇಳಬೇಡಿ. ನಾನು ಇದೇ ಕೆಲಸದಲ್ಲಿ ಇರುವವನು. ನಿಮ್ಮ ಮಾವನ ಕ್ಲಿಪ್ ಬೇರೆ, ಅವರ ದೊಡ್ಡಮ್ಮನದ್ದು ಬೇರೆ. ಒಂದೇ ರೋಗಿ ಒಮ್ಮೆ ಎಂಆರ್‌ಐ ಒಳಗೆ ಹೋಗಿ ಸುಖವಾಗಿ ಬಂದರೂ ಅದು ಮುಂದಿನ ಸಲಕ್ಕೆ ಗ್ಯಾರಂಟಿ ಅಲ್ಲ. ಯಂತ್ರದ ಶಕ್ತಿ ಬೇರೆ ಇರಬಹುದು, ತಲೆ ಇಡುವ ದಿಕ್ಕು ಬೇರೆ ಇರಬಹುದು.

ಆ ಕಾಲದ ಕೆಲವು ಕ್ಲಿಪ್‌ಗಳು ಅಯಸ್ಕಾಂತಕ್ಕೆ ಎಳೆಯುವ ಜಾತಿಯ ಸ್ಟೇನ್‌ಲೆಸ್ ಸ್ಟೀಲ್. ಎಲ್ಲ ಸ್ಟೇನ್‌ಲೆಸ್ ಸ್ಟೀಲೂ ಹಾಗಲ್ಲ, ಆದರೆ ಸ್ಪ್ರಿಂಗ್ ಗಟ್ಟಿ ಬರಲಿ ಅಂತ ಬಳಸಿದ ಕೆಲವು ಹಾಗೆ. ಅಂಥದ್ದು ಮ್ಯಾಗ್ನೆಟ್ ಹತ್ತಿರ ಹೋದರೆ ತಿರುಗಲಿಕ್ಕೆ ನೋಡುತ್ತದೆ. ಅದು ಕಚ್ಚಿ ಹಿಡಿದಿರುವುದು ಮೆದುಳಿನ ರಕ್ತನಾಳವನ್ನು. ಅಮೆರಿಕದಲ್ಲಿ ಹೀಗೆ ಒಬ್ಬ ರೋಗಿ ತೀರಿಹೋದದ್ದು 1993ರಲ್ಲಿ ರೇಡಿಯಾಲಜಿಯ ಜರ್ನಲ್ಲಿನಲ್ಲಿ ಬಂತು. ಬೇರೆ ನಮೂನೆಯ ಕ್ಲಿಪ್ ಅಂತ ತಿಳ್ಕೊಂಡು ಒಳಗೆ ಬಿಟ್ಟದ್ದು. ಸ್ಕ್ಯಾನ್ ಶುರುವಾಗುವ ಮೊದಲೇ ತೊಂದರೆ ಆಯ್ತು, ಯಾಕೆಂದರೆ ಈ ಮ್ಯಾಗ್ನೆಟ್ಟಿಗೆ ಆಫ್ ಎಂಬುದೇ ಇಲ್ಲ. ರಾತ್ರಿ ಬಾಗಿಲು ಹಾಕಿ ಹೋದರೂ ಅದು ಆನ್ ಇರುತ್ತದೆ.

ಬೆನ್ನಿನ ಎಂಆರ್‌ಐ ಅಲ್ವಾ, ತಲೆಗೆಂತ ಸಂಬಂಧ ಅಂತ ಜನ ಕೇಳ್ತಾರೆ. ಸೊಂಟ ಯಂತ್ರದ ನಡುವೆ ಬರಬೇಕಾದರೆ ತಲೆಯೂ ಅದೇ ಕೋಣೆಯಲ್ಲಿ, ಅದೇ ಅಯಸ್ಕಾಂತದ ಬಾಯಿ ಹತ್ತಿರ ಇರಬೇಕಲ್ಲ.

"ಟೈಟಾನಿಯಂ, ಬನ್ನಿ" ಅಂತ ಪೇಪರ್ ನೋಡದೆ ಹೇಳಿದ ಸೆಂಟರಿಗೆ ಮಾತ್ರ ಹೋಗಬೇಡಿ.

ಕೊಟ್ಟಾರದವಳು
ಅಯ್ಯೋ, ಇದು ಓದಿ ಕೈಕಾಲು ತಣ್ಣಗಾಯ್ತು. ಎಕ್ಸ್‌ರೇ ತೆಗೆದರೆ ಯಾವ ಕ್ಲಿಪ್ ಅಂತ ಗೊತ್ತಾಗ್ತದಾ?

ಎಂಆರ್‌ಐ ಕನ್ಸೋಲ್
ಆಕಾರ ಕಾಣುತ್ತದೆ ಮೇಡಂ. ಲೋಹ ಯಾವುದು ಅಂತ ಕಾಣುವುದಿಲ್ಲ. ಆಪರೇಷನ್ ಆದ ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಹೋಗಿ. ಡಿಸ್ಚಾರ್ಜ್ ಸಮ್ಮರಿ ಅಲ್ಲ, ಆಪರೇಷನ್ ನೋಟ್ಸ್ ಕೇಳಿ. ಇಸವಿ ಮತ್ತು ತಿಂಗಳು ಹೇಳಿದರೆ ಹುಡುಕಲಿಕ್ಕೆ ಸುಲಭ.

ಕುಂದಾಪ್ರದ ಮಾಣಿ
ಹ್ವಾಯ್, ಶಂಕರಪುರದ್ ಮಲ್ಲಿಗೆ ಅಟ್ಟೆಗೆ ಈಗ ಎಷ್ಟ್ ಮಾರ್ರೆ?

ವೇದಿಕೆ ನಿರ್ವಾಹಕ
ಮಾಣಿ, ಮಲ್ಲಿಗೆಗೆ ಬೇರೆ ಚರ್ಚೆ ತೆರೀರಿ.

ಬಂಟ್ವಾಳ ಟೀಚರ್
ಚರಿತ್ರೆ ಕೇಳಿದ್ದಾರಲ್ಲ, ನಾನು ಓದಿಕೊಂಡದ್ದನ್ನು ಬರೆಯುತ್ತೇನೆ. ನನ್ನ ತಮ್ಮ ಇದೇ ಕಾಯಿಲೆಯಲ್ಲಿ ಹೋದ. ಆಮೇಲೆ ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ.

ಮೊದಲು ಇದಕ್ಕೆ ನೇರ ಚಿಕಿತ್ಸೆಯೇ ಇರಲಿಲ್ಲ. ಕುತ್ತಿಗೆಯಲ್ಲಿ ಕೆರೋಟಿಡ್ ರಕ್ತನಾಳವನ್ನು ದಾರದಿಂದ ಬಿಗಿದು ಮೇಲಕ್ಕೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತಿದ್ದರು. ಲಂಡನ್ನಿನ ವಿಕ್ಟರ್ ಹಾರ್ಸ್ಲಿ 1885ರಲ್ಲಿ ಮಾಡಿದ್ದು ಅದನ್ನೇ. ಉಬ್ಬಿಗೆ ರಕ್ತ ಕಡಿಮೆಯಾದರೆ ಮೆದುಳಿಗೂ ಕಡಿಮೆಯೇ. ಕೆಲವರು ಪಾರ್ಶ್ವವಾಯು ಬಡಿದು ಮಲಗುತ್ತಿದ್ದರು.

1931ರಲ್ಲಿ ಎಡಿನ್‌ಬರೋದ ನಾರ್ಮನ್ ಡಾಟ್ ತಲೆ ತೆರೆದು ನೇರ ಅನ್ಯೂರಿಸಂಗೇ ಕೈ ಹಾಕಿದರು. ರೋಗಿಯ ತೊಡೆಯಿಂದ ಚೂರು ಮಾಂಸಖಂಡ ತೆಗೆದು ಉಬ್ಬಿನ ಸುತ್ತ ಹೊದೆಸಿದರು. ರೋಗಿ ಬದುಕಿದ. ಆದರೆ ಉಬ್ಬು ಅಲ್ಲೇ ಇರುತ್ತದೆ, ರಕ್ತ ಒಳಗೆ ಹೋಗುತ್ತಲೇ ಇರುತ್ತದೆ.

ಉಬ್ಬಿನ ಬುಡಕ್ಕೇ ಕ್ಲಿಪ್ ಹಾಕಿ ರಕ್ತ ಒಳಗೆ ಹೋಗದ ಹಾಗೆ ಮಾಡಿದ್ದು 1937ರ ಮಾರ್ಚ್ 23ರಂದು, ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ, ವಾಲ್ಟರ್ ಡ್ಯಾಂಡಿ. ಆ ರೋಗಿಯ ಕಣ್ಣು ಆಡಿಸುವ ಮೂರನೆಯ ನರ ಸೋತಿತ್ತು, ಉಬ್ಬು ಅದನ್ನು ಒತ್ತುತ್ತಿತ್ತು. ಡ್ಯಾಂಡಿ ಬಳಸಿದ್ದು ಒಂದು ಚಿಕ್ಕ ಬೆಳ್ಳಿ ಕ್ಲಿಪ್. ಆ ಕ್ಲಿಪ್ಪನ್ನು 1911ರಲ್ಲಿ ಮಾಡಿದವರು ಹಾರ್ವಿ ಕುಶಿಂಗ್, ಗಡ್ಡೆ ತೆಗೆಯುವಾಗ ರಕ್ತ ನಿಲ್ಲಿಸಲಿಕ್ಕೆ. ಕುಶಿಂಗ್ ಮತ್ತು ಡ್ಯಾಂಡಿ ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಆಗುತ್ತಿರಲಿಲ್ಲ. ಆದರೂ ಜೀವ ಉಳಿಸಲಿಕ್ಕೆ ಬೇಕಾದಾಗ ಡ್ಯಾಂಡಿ ಆ ಕ್ಲಿಪ್ಪನ್ನೇ ಕೈಗೆತ್ತಿಕೊಂಡರಲ್ಲ, ನನಗೆ ಅದು ದೊಡ್ಡದು ಅನ್ನಿಸುತ್ತದೆ.

ಪಾಂಗಾಳ ಪೈ
ಟೀಚರೇ, ಸ್ಕ್ಯಾನ್ ಇಲ್ಲದ ಕಾಲದಲ್ಲಿ ಉಬ್ಬು ಎಲ್ಲಿ ಉಂಟು ಅಂತ ಹೇಗೆ ಗೊತ್ತಾಗ್ತಿತ್ತು?

ಬಂಟ್ವಾಳ ಟೀಚರ್
ಪೈಗಳೇ, ಲಿಸ್ಬನ್ನಿನ ಎಗಾಸ್ ಮೋನಿಜ್ 1927ರಲ್ಲಿ ಆಂಜಿಯೋಗ್ರಫಿ ಕಂಡುಹಿಡಿದರು. ರಕ್ತನಾಳಕ್ಕೆ ಎಕ್ಸ್‌ರೇಯಲ್ಲಿ ಕಾಣುವ ದ್ರವ ಬಿಟ್ಟು ಚಿತ್ರ ತೆಗೆಯುವುದು. ಅದಿಲ್ಲದಿದ್ದರೆ ರೋಗಿಯ ಕಣ್ಣು, ಮುಖ ನೋಡಿ ಅಂದಾಜು ಮಾಡಬೇಕಿತ್ತು.

ನಿವೃತ್ತ ಓಟಿ ಸಿಸ್ಟರ್
ನಾನು ಸೇರಿದ ಹೊಸತರಲ್ಲಿ ಆಂಜಿಯೋಗೆ ನೇರ ಕುತ್ತಿಗೆಗೇ ಸೂಜಿ ಚುಚ್ಚುತ್ತಿದ್ದರು. ತೊಡೆಸಂದಿಯಿಂದ ಕ್ಯಾಥೆಟರ್ ಹಾಕುವುದೆಲ್ಲ ಆಮೇಲೆ ಬಂದದ್ದು.

ಬೈಕಂಪಾಡಿ ಲೇತ್
ಟೀಚರ್ ಬರೆದದ್ದು ಚೆನ್ನಾಗುಂಟು. ಆದರೆ ಬೆಳ್ಳಿ ಕ್ಲಿಪ್ಪಿನ ತೊಂದರೆ ಎಂತ ಅಂತ ಬಿಟ್ಟುಬಿಟ್ಟರು. ನಾನು ಇಂಡಸ್ಟ್ರಿಯಲ್ ಏರಿಯಾದಲ್ಲಿ ಸ್ಪ್ರಿಂಗ್, ಸಣ್ಣ ಪಾರ್ಟ್ಸ್ ಮಾಡುವವನು, ಹಾಗಾಗಿ ಕಣ್ಣು ಅಲ್ಲಿಗೇ ಹೋಗುವುದು.

ಬೆಳ್ಳಿ ಕ್ಲಿಪ್ ಅಂದರೆ ಇಂಗ್ಲಿಷಿನ ವಿ ಆಕಾರದ ತುಂಡು. ಚಿಮುಟದಲ್ಲಿ ಹಿಡಿದು ಒತ್ತಿದರೆ ಮುಚ್ಚಿತು, ಮುಗೀತು. ಅದರಲ್ಲಿ ಸ್ಪ್ರಿಂಗ್ ಇಲ್ಲ. ತಪ್ಪು ಜಾಗಕ್ಕೆ ಬಿದ್ದರೆ ಬಿಚ್ಚಲಿಕ್ಕಾಗುವುದಿಲ್ಲ, ಎಳೆಯಲಿಕ್ಕೆ ಹೋದರೆ ರಕ್ತನಾಳವೇ ಹರಿಯುತ್ತದೆ. ಮುಂದಿನ ಕೆಲಸವೆಲ್ಲ ಇದೊಂದನ್ನು ಸರಿ ಮಾಡಲಿಕ್ಕೆ ಆದದ್ದು: ಹಾಕಿದ್ದನ್ನು ಬಿಚ್ಚಿ, ಚೂರು ಸರಿಸಿ, ಮತ್ತೆ ಹಾಕಲಿಕ್ಕೆ ಆಗಬೇಕು. ಸ್ವೀಡನ್ನಿನ ಓಲಿವೆಕ್ರೋನಾ ಕ್ಲಿಪ್ಪಿನ ಹಿಂದಕ್ಕೆ ರೆಕ್ಕೆ ಇಟ್ಟರು, ರೆಕ್ಕೆ ಒತ್ತಿದರೆ ಬಾಯಿ ಬಿಡುತ್ತದೆ. ಆಮೇಲೆ 1950ರ ದಶಕದಲ್ಲಿ ಸಿನ್ಸಿನಾಟಿಯಲ್ಲಿ ಫ್ರಾಂಕ್ ಮೇಫೀಲ್ಡ್ ಎಂಬ ಸರ್ಜನ್, ಜಾರ್ಜ್ ಕೀಸ್ ಜೊತೆ ಸೇರಿ ಸ್ಪ್ರಿಂಗ್ ಕ್ಲಿಪ್ ಮಾಡಿದರು. ಕೀಸ್ ಡಾಕ್ಟರಲ್ಲ, ವೈದ್ಯಕೀಯ ಚಿತ್ರ ಬರೆಯುವವರು, ಉಪಕರಣ ಮಾಡುವವರು. ಅವರ ಕ್ಲಿಪ್ಪಿನ ಎರಡು ಕಾಲು ಒಂದನ್ನೊಂದು ಹಾದು ಹೋಗುತ್ತದೆ, ಬಟ್ಟೆ ಒಣಗಿಸುವ ಕ್ಲಿಪ್ಪಿನ ಹಾಗೆ ಹಿಂದೆ ಒತ್ತಿದರೆ ಮುಂದೆ ತೆರೆಯುತ್ತದೆ, ಕೈಬಿಟ್ಟರೆ ತಾನೇ ಕಚ್ಚುತ್ತದೆ.

ಈಗ ಕಷ್ಟ ನೋಡಿ. ಕಚ್ಚುವ ಬಲ ಹೆಚ್ಚಾದರೆ ನಾಳ ಕತ್ತರಿಸಿಹೋಗಬಹುದು, ಕಡಿಮೆಯಾದರೆ ರಕ್ತದ ಒತ್ತಡಕ್ಕೆ ಜಾರುತ್ತದೆ. ಈ ಬಲವನ್ನು ಗ್ರಾಂ ಲೆಕ್ಕದಲ್ಲಿ ಅಳೆಯುತ್ತಾರೆ. ಅದು ವರ್ಷಗಟ್ಟಲೆ ದೇಹದ ಉಪ್ಪುನೀರಿನಲ್ಲಿ ತುಕ್ಕು ಹಿಡಿಯದೆ, ಸುಸ್ತಾಗದೆ ಇರಬೇಕು. ನಮ್ಮ ಕರಾವಳಿಯ ಗಾಳಿಗೆ ಮಾಮೂಲಿ ಸ್ಪ್ರಿಂಗ್ ಎಷ್ಟು ಬೇಗ ಹಾಳಾಗುತ್ತದೆ ಅಂತ ಬೈಕಂಪಾಡಿಯಲ್ಲಿ ಯಾರನ್ನು ಕೇಳಿದರೂ ಹೇಳ್ತಾರೆ. ಮುಂದೆ ಕೋಬಾಲ್ಟ್ ಮಿಶ್ರಲೋಹಕ್ಕೆ ಬಂದದ್ದು ಅದಕ್ಕೇ. ಯಾಶಾರ್‌ಗಿಲ್ ಕ್ಲಿಪ್ಪಿಗೆ ಫೈನಾಕ್ಸ್, ಸುಗಿಟಾ ಕ್ಲಿಪ್ಪಿಗೆ ಎಲ್ಜಿಲಾಯ್. ಟೈಟಾನಿಯಂ ಚಾಲ್ತಿಗೆ ಬಂದದ್ದು 1990ರ ದಶಕದಲ್ಲಿ. ಹಾಗಾಗಿ ತೊಂಬತ್ತರ ಶುರುವಿನ ಕ್ಲಿಪ್ಪನ್ನು "ಎಲ್ಲ ಟೈಟಾನಿಯಂ" ಅನ್ನುವುದು ಶುದ್ಧ ಸುಳ್ಳು.

ಎಂಆರ್‌ಐ ಕನ್ಸೋಲ್
ಲೇತ್ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಫೈನಾಕ್ಸ್, ಎಲ್ಜಿಲಾಯ್ ಆದರೆ ಅಷ್ಟು ಭಯ ಇಲ್ಲ, ಆದರೆ ಅದು ಅದೇ ಅಂತ ಕಾಗದದಲ್ಲಿ ಇರಬೇಕು.

ನಿವೃತ್ತ ಓಟಿ ಸಿಸ್ಟರ್
ಕ್ಲಿಪ್ ಟ್ರೇಯನ್ನು ವರ್ಷಗಟ್ಟಲೆ ಹಿಡಿದವಳು ನಾನು, ಒಂದೆರಡು ಮಾತು ಸೇರಿಸುತ್ತೇನೆ.

ಟ್ರೇಯಲ್ಲಿ ಒಂದೊಂದು ಕ್ಲಿಪ್ಪಿಗೂ ಒಂದೊಂದು ಗೂಡು. ನೇರ, ಬಾಗಿದ್ದು, ಮೆಟ್ಟಿಲಿನಂತೆ ಮುರಿದ ಬಯೊನೆಟ್, ಬ್ಲೇಡಿನ ಬುಡದಲ್ಲಿ ಕಿಟಕಿ ಇರುವುದು. ಕಿಟಕಿಯ ಕ್ಲಿಪ್ಪನ್ನು ಕೆನಡಾದ ಚಾರ್ಲ್ಸ್ ಡ್ರೇಕ್ 1969ರಲ್ಲಿ ಮಾಡಿಸಿದ್ದು. ಮೆದುಳಿನ ಬುಡದ ಬೇಸಿಲರ್ ರಕ್ತನಾಳದ ತುದಿಯಲ್ಲಿ ಉಬ್ಬಾದರೆ ಪಕ್ಕದ ಒಳ್ಳೆಯ ನಾಳ ಅಡ್ಡ ಬರುತ್ತದೆ. ಅದನ್ನು ಕಿಟಕಿಯೊಳಗೆ ತೂರಿಸಿ, ಆಚೆಯ ಉಬ್ಬನ್ನು ಮಾತ್ರ ಕಚ್ಚಿಸುವುದು.

ಕ್ಲಿಪ್ಪನ್ನು ಬೆರಳಲ್ಲಿ ಒತ್ತಿ ನೋಡಬಾರದು. ಹೊಸ ಹುಡುಗಿಯರಿಗೆ ಮೊದಲ ಪಾಠ ಅದೇ. ಅಪ್ಲೈಯರ್ ಎಂಬ ಕ್ಲಿಪ್ ಹಿಡಿಯುವ ಇಕ್ಕಳದಲ್ಲಿ ಮಾತ್ರ ತೆರೆಯಬೇಕು, ಅದೂ ಬೇಕಾದಷ್ಟೇ. ಕೈಯಲ್ಲಿ ಒತ್ತಿದರೆ ಸ್ಪ್ರಿಂಗಿನ ಬಲ ಬದಲಾಗುತ್ತದೆ. ತಾತ್ಕಾಲಿಕ ಕ್ಲಿಪ್‌ಗಳಿಗೆ ಬಂಗಾರದ ಬಣ್ಣ, ಬಲ ಕಡಿಮೆ. ಉಬ್ಬನ್ನು ಬಿಡಿಸುವಾಗ ಮೂಲ ರಕ್ತನಾಳಕ್ಕೆ ಸ್ವಲ್ಪ ಹೊತ್ತು ಅದನ್ನು ಹಾಕುತ್ತಾರೆ. ಹಾಕಿದ ಕ್ಷಣದಿಂದ ಒಬ್ಬರು ಗಡಿಯಾರ ನೋಡಿ ಗಟ್ಟಿಯಾಗಿ ಹೇಳಬೇಕು, "ಸರ್, ಎರಡು ನಿಮಿಷ", "ಸರ್, ಮೂರು ನಿಮಿಷ". ಆಗ ಥಿಯೇಟರಿನಲ್ಲಿ ಬೇರೆ ಯಾರೂ ಮಾತಾಡುವುದಿಲ್ಲ.

ಮೈಕ್ರೋಸ್ಕೋಪ್ ಬಾರದೆ ಇದೆಲ್ಲ ಸಾಧ್ಯವೇ ಇರಲಿಲ್ಲ. ಜ್ಯೂರಿಚ್‌ನಲ್ಲಿ ಗಾಜಿ ಯಾಶಾರ್‌ಗಿಲ್ 1967ರಿಂದ ಮೈಕ್ರೋಸ್ಕೋಪಿನಡಿ ಈ ಆಪರೇಷನ್ ಮಾಡಿ ಲೋಕಕ್ಕೆ ಕಲಿಸಿದರು. ನಮ್ಮ ಸರ್ಜನ್‌ಗಳೂ ಅವರ ದಾರಿಯಲ್ಲೇ ನಡೆದವರು.

ಅಡ್ಡೂರು ಅಬ್ಬು
ಸಿಸ್ಟರ್, ಓದುವಾಗ ಮೈ ಜುಂ ಅಂತು.

ಕುಂದಾಪ್ರದ ಮಾಣಿ
ಅಲ್ದೇ, ಈಗ ತಲಿ ಬಿಚ್ಚದೇ ತೊಡಿಯಿಂದ ತಂತಿ ಹಾಕಿ ಮಾಡ್ತ್ರಲೆ, ಅದ್ ಯಾರ್ ಕಂಡ್‌ಹಿಡ್ದದ್? ನಮ್ಮ ಅತ್ತಿಗ್ ಹಾಂಗೇ ಮಾಡಿದ್ದ್, ಮೂರನೇ ದಿನಕ್ಕೇ ಎದ್ ಕೂಕಂಡ್ರ್.

ನ್ಯೂರೋ ಪಿಜಿ
ಮಾಣಿ, ಅದು ಕಾಯಿಲ್, ಅಂದರೆ ಉಬ್ಬಿನೊಳಗೆ ತುಂಬುವ ಲೋಹದ ಸುರುಳಿ. ಅದಕ್ಕಿಂತ ಮುಂಚೆ ಬಲೂನ್ ಇತ್ತು. ಮಾಸ್ಕೋದ ಫ್ಯೋದೊರ್ ಸೆರ್ಬಿನೆಂಕೊ ಕ್ಯಾಥೆಟರಿನ ತುದಿಗೆ ಪುಟ್ಟ ಬಲೂನ್ ಕಟ್ಟಿ, ಮೆದುಳಿನ ನಾಳದೊಳಗೆ ಕಳಿಸಿ, ಉಬ್ಬಿಸಿ, ಅಲ್ಲೇ ಬಿಟ್ಟುಬರುವ ಉಪಾಯ ಮಾಡಿದರು. ಮೇ ದಿನದ ಮೆರವಣಿಗೆಯಲ್ಲಿ ಮಕ್ಕಳ ಕೈಯ ಬಲೂನ್ ನೋಡಿ ಹೊಳೆಯಿತು ಅಂತ ಕತೆ ಹೇಳುತ್ತಾರೆ. 1974ರಲ್ಲಿ ಅವರ ಲೇಖನ ಅಮೆರಿಕದ ಜರ್ನಲ್ಲಿನಲ್ಲಿ ಬಂದಾಗ ಲೋಕದ ನ್ಯೂರೋಸರ್ಜನ್‌ಗಳು ಮಾಸ್ಕೋದ ಕಡೆ ತಿರುಗಿ ನೋಡಿದರು. ಆದರೆ ಅನ್ಯೂರಿಸಂ ಯಾವತ್ತೂ ದುಂಡಗೇ ಇರುವುದಿಲ್ಲ. ಬಲೂನ್ ಅದರ ಗೋಡೆಯನ್ನು ಒತ್ತಿ ಒಡೆಯುವ ಅಪಾಯ ಇತ್ತು, ಕಾಲ ಕಳೆದಂತೆ ಬಲೂನ್ ಕುಗ್ಗುತ್ತಲೂ ಇತ್ತು.

ಆಮೇಲೆ ಬಂದವರು ಇಟಲಿಯ ಗ್ವಿಡೋ ಗುಲ್ಯೆಲ್ಮಿ. ಪ್ರಾಣಿಗಳ ಅನ್ಯೂರಿಸಂನೊಳಗೆ ವಿದ್ಯುತ್ ಹರಿಸಿ ರಕ್ತ ಹೆಪ್ಪುಗಟ್ಟಿಸಲಿಕ್ಕೆ ನೋಡುತ್ತಿದ್ದಾಗ ತಂತಿಯ ತುದಿ ಕರಗಿ ಕಳಚಿಕೊಂಡಿತು. ಅದನ್ನೇ ಅವರು ಹಿಡಿದರು. ಲಾಸ್ ಏಂಜಲೀಸ್‌ನಲ್ಲಿ ಕೆಲಸ ಮುಂದುವರಿಸಿ ಪ್ಲಾಟಿನಂ ಸುರುಳಿ ಮಾಡಿದರು. ಕೂದಲಿನಷ್ಟು ತೆಳು, ತುಂಬ ಮೆದು. ಅದನ್ನು ಸ್ಟೀಲ್ ತಂತಿಗೆ ಬೆಸೆದು ಒಳಗೆ ದೂಡುವುದು, ಸರಿಯಾಗಿ ಕೂರದಿದ್ದರೆ ಹಿಂದಕ್ಕೆ ಎಳೆದು ಮತ್ತೆ ಕೂರಿಸುವುದು. ತೃಪ್ತಿಯಾದ ಮೇಲೆ ಸಣ್ಣ ಕರೆಂಟ್ ಕೊಟ್ಟರೆ ಬೆಸುಗೆ ಕರಗಿ ಸುರುಳಿ ಅಲ್ಲೇ ಉಳಿಯುತ್ತದೆ. ಮೊದಲ ರೋಗಿಗೆ ಬಳಸಿದ್ದು 1990ರಲ್ಲಿ, ಅಮೆರಿಕದ ಔಷಧ, ಉಪಕರಣ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಸಿಕ್ಕಿದ್ದು 1995ರಲ್ಲಿ.

ಬೈಕಂಪಾಡಿ ಲೇತ್
ಆಹಾ! ಇಲ್ಲೂ ಅದೇ ವಿಷಯ ನೋಡಿ. ಸರಿ ಕೂತಿದೆ ಅಂತ ಖಾತ್ರಿ ಆಗುವವರೆಗೆ ಬಿಟ್ಟುಕೊಡುವುದಿಲ್ಲ, ಹಿಂದೆ ತರಬಹುದು.

ಪಾಂಗಾಳ ಪೈ
ಹಾಗಾದ್ರೆ ಇನ್ನು ತಲೆ ಬಿಚ್ಚುವ ಆಪರೇಷನ್ ಯಾಕೆ ಬೇಕು? ಎಲ್ಲರಿಗೂ ಕಾಯಿಲ್ ಹಾಕಿದ್ರೆ ಮುಗೀತಲ್ಲ?

ನ್ಯೂರೋ ಪಿಜಿ
2002ರಲ್ಲಿ ಐಸ್ಯಾಟ್ ಅಂತ ದೊಡ್ಡ ಅಧ್ಯಯನ ಲ್ಯಾನ್ಸೆಟ್ ಎಂಬ ವೈದ್ಯಕೀಯ ಜರ್ನಲ್ಲಿನಲ್ಲಿ ಬಂತು. ಒಡೆದ ಅನ್ಯೂರಿಸಂನ 2143 ರೋಗಿಗಳು. ಒಂದು ವರ್ಷದ ನಂತರ ಸತ್ತವರು ಅಥವಾ ಪರಾವಲಂಬಿಗಳಾದವರು ಕಾಯಿಲ್ ಗುಂಪಿನಲ್ಲಿ 23.7%, ಕ್ಲಿಪ್ ಗುಂಪಿನಲ್ಲಿ 30.6%. ಅಲ್ಲಿಂದ ಲೋಕವೇ ಕಾಯಿಲ್ ಕಡೆ ವಾಲಿತು.

ನಿವೃತ್ತ ಓಟಿ ಸಿಸ್ಟರ್
ಅರ್ಧ ಮಾತ್ರ ಹೇಳಬೇಡಿ ಡಾಕ್ಟ್ರೇ. ಅದಕ್ಕೆ ಪರಿಶೀಲಿಸಿದ್ದು 9559 ಮಂದಿಯನ್ನು, ತೆಗೆದುಕೊಂಡದ್ದು ನೀವು ಹೇಳಿದ 2143. ಎರಡು ವಿಧಾನಕ್ಕೂ ಹೊಂದುವವರನ್ನಷ್ಟೇ ಸೇರಿಸಿದ್ದಲ್ವಾ? ಹೆಚ್ಚಿನವು ಸಣ್ಣ ಉಬ್ಬು, ಮೆದುಳಿನ ಮುಂಭಾಗದ್ದು, ರೋಗಿಗಳ ಸ್ಥಿತಿಯೂ ಒಳ್ಳೆಯದಿತ್ತು. ಬುಡ ಅಗಲವಾದ ಉಬ್ಬಿನಲ್ಲಿ ಕಾಯಿಲ್ ನಿಲ್ಲದೆ ಹೊರಗೆ ಇಣುಕುತ್ತದೆ. ಕಾಯಿಲ್ ಹಾಕಿದವರಲ್ಲಿ ಕೆಲವರಿಗೆ ಸುರುಳಿ ಒತ್ತಿಹೋಗಿ ಉಬ್ಬು ಮತ್ತೆ ತುಂಬಿಕೊಂಡು ಇನ್ನೊಮ್ಮೆ ಮಾಡಬೇಕಾಗುತ್ತದೆ. ಕ್ಲಿಪ್ ಸರಿಯಾಗಿ ಬಿದ್ದರೆ ಅದು ಜೀವಮಾನಕ್ಕೆ. ಕೊಟ್ಟಾರದವರ ದೊಡ್ಡಮ್ಮ ಇವತ್ತೂ ಮಲ್ಲಿಗೆ ಕೊಯ್ಯುತ್ತಿರುವುದು ಕ್ಲಿಪ್ಪಿನಿಂದ.

ನ್ಯೂರೋ ಪಿಜಿ
ಮತ್ತೆ ಮಾಡಬೇಕಾಗುವುದು ಕಾಯಿಲ್‌ನಲ್ಲಿ ಹೆಚ್ಚು, ಅದು ನಿಜ ಸಿಸ್ಟರ್. ಆದರೆ ಮೊದಲ ವರ್ಷ ದಾಟಿಸುವುದೇ ದೊಡ್ಡದಲ್ವಾ? ಅರವತ್ತೈದು ದಾಟಿದವರಿಗೆ ತಲೆಬುರುಡೆ ತೆರೆಯುವುದು ಸಣ್ಣ ಮಾತಲ್ಲ. ಎರಡೂ ಕೈಯಲ್ಲಿರುವ ಟೀಮ್ ಇದ್ದರೆ ಉಬ್ಬನ್ನು ನೋಡಿ ತೀರ್ಮಾನ ಮಾಡಬಹುದು.

ಅಡ್ಡೂರು ಅಬ್ಬು
ಒಂದೊಂದು ಕಾಯಿಲ್ಲಿಗೂ ಬೇರೆ ಬೇರೆ ಬಿಲ್ಲು ಹಾಕ್ತಾರೆ, ಅದನ್ನೂ ಹೇಳಿ. ನಮ್ಮ ಚಿಕ್ಕಪ್ಪನಿಗೆ ಒಳಗೆ ಹೋದ ಮೇಲೆ ಹೊರಗೆ ಬಂದು "ಇನ್ನೂ ಎರಡು ಬೇಕು, ಸೈನ್ ಮಾಡಿ" ಅಂದ್ರು. ಆ ಹೊತ್ತಲ್ಲಿ ಯಾರು ಇಲ್ಲ ಅಂತಾರೆ?

ಮೂಡುಬಿದಿರೆ ಅಕ್ಕ
ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ಕೇಳಿ. ತುರ್ತು ಅಲ್ಲದಿದ್ರೆ ಸರಕಾರಿ ಆಸ್ಪತ್ರೆಯ ರೆಫರಲ್ ಬೇಕು, ಮಂಗಳೂರಿನವರು ವೆನ್ಲಾಕ್‌ಗೆ ಹೋಗ್ಬೇಕು. ನಾವು ಅದರಲ್ಲೇ ಮಾಡಿಸಿದ್ದು.

ಸುಲ್ತಾನ್ ಬತ್ತೇರಿ
ಆಗೆಲ್ಲ ಇಂಥದ್ದಕ್ಕೆ ಶಿರಾಡಿ ಘಾಟಿ ಹತ್ತಿ ನಿಮ್ಹಾನ್ಸ್‌ಗೇ ಹೋಗ್ಬೇಕು ಅಂತಿತ್ತು. ಮಳೆಗಾಲದಲ್ಲಿ ಆಂಬುಲೆನ್ಸ್ ಘಾಟಿಯಲ್ಲಿ ನಿಂತು ಜೀವ ಹೋದದ್ದುಂಟು. ಈಗ ಮಂಗಳೂರು, ಮಣಿಪಾಲದಲ್ಲೇ ಆಗ್ತದೆ, ಅದು ದೊಡ್ಡ ಪುಣ್ಯ.

ಬಂಟ್ವಾಳ ಟೀಚರ್
ನನ್ನ ತಮ್ಮ ಜೀವಮಾನದಲ್ಲೇ ಕಾಣದಂಥ ತಲೆನೋವು ಅಂತ ಒಮ್ಮೆಲೇ ಕೂಗಿಕೊಂಡ, ವಾಂತಿ ಮಾಡಿದ. ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟು ಕಳಿಸಿದರು. ಎರಡನೇ ಸಲ ಒಡೆದಾಗ ಹೋಗಿಬಿಟ್ಟ. ಸಿಡಿಲು ಹೊಡೆದ ಹಾಗೆ ಒಂದೇ ಕ್ಷಣಕ್ಕೆ ಬರುವ ತಲೆನೋವು, ಒಂದು ಕಣ್ಣಿನ ರೆಪ್ಪೆ ಬೀಳುವುದು, ಕುತ್ತಿಗೆ ಬಿಗಿಯುವುದು, ಇಂಥದ್ದಾದರೆ ತಕ್ಷಣ ಸಿಟಿ ಸ್ಕ್ಯಾನ್ ಕೇಳಿ. ನಾಚಿಕೆ ಬಿಟ್ಟು ಹಟ ಮಾಡಿ ಕೇಳಿ.

ಕೊಟ್ಟಾರದವಳು
ಟೀಚರೇ, ಓದಿ ತುಂಬ ಬೇಸರ ಆಯ್ತು.

ಆಸ್ಪತ್ರೆಯ ರೆಕಾರ್ಡ್ಸ್ ವಿಭಾಗಕ್ಕೆ ಹೋಗಿ ಬಂದೆವು. ಅಲ್ಲಿಯ ಹಳೆ ಗುಮಾಸ್ತರು ನೆಲಮಾಳಿಗೆಯಿಂದ ಕಟ್ಟು ತೆಗೆದುಕೊಟ್ಟರು. ಆಪರೇಷನ್ ನೋಟ್ಸ್ ಸಿಕ್ಕಿತು, ಆದರೆ ಅದರಲ್ಲಿ ಬರೆದದ್ದು "ಕುತ್ತಿಗೆಗೆ ಕ್ಲಿಪ್ ಹಾಕಲಾಯಿತು" (ಉಬ್ಬಿನ ಬುಡಕ್ಕೆ ಕುತ್ತಿಗೆ ಅನ್ನುವುದಂತೆ) ಅಂತ ಮಾತ್ರ. ಕಂಪೆನಿ ಇಲ್ಲ, ನಂಬರ್ ಇಲ್ಲ. ನ್ಯೂರೋಸರ್ಜನ್ ಹತ್ರ ತೋರಿಸಿದಾಗ ಎಂಆರ್‌ಐ ಬೇಡವೇ ಬೇಡ ಅಂದ್ರು. ಸೊಂಟದ ಸಿಟಿ ಮಾಡಿಸಿದೆವು. ಡಿಸ್ಕ್ ಹೊರಗೆ ಬಂದು ನರ ಒತ್ತುತ್ತಿರುವುದು ಅದರಲ್ಲೇ ಕಂಡಿತು, ಚಿಕಿತ್ಸೆಗೆ ಅಷ್ಟು ಸಾಕು ಅಂದ್ರು. ಕನ್ಸೋಲ್ ಅಣ್ಣನಿಗೆ ಕೈ ಮುಗಿದೆ.

ಎಂಆರ್‌ಐ ಕನ್ಸೋಲ್
ಒಳ್ಳೇದಾಯ್ತು ಮೇಡಂ. ಅವರ ಹೆಸರಿನ ಹೊಸ ಫೈಲಿನ ಮೇಲೆ ಕೆಂಪಕ್ಷರದಲ್ಲಿ "ತಲೆಯಲ್ಲಿ ಗುರುತು ಸಿಗದ ಕ್ಲಿಪ್, ಎಂಆರ್‌ಐ ಬೇಡ" ಅಂತ ಬರೆಸಿ. ಮುಂದೆ ತುರ್ತಿನಲ್ಲಿ ಬೇರೆಯವರು ಕರ್ಕೊಂಡು ಹೋದಾಗ ಬೇಕಾಗುತ್ತದೆ.

ಬೈಕಂಪಾಡಿ ಲೇತ್
ಡಾಕ್ಟ್ರೇ, ಸುರುಳಿ ನಿಲ್ಲದ ಅಗಲ ಬುಡಕ್ಕೆ ಈಗ ಎಂತ ಮಾಡ್ತಾರೆ?

ನ್ಯೂರೋ ಪಿಜಿ
ಸ್ಟೆಂಟ್ ಇಟ್ಟು ಅದರ ಆಸರೆಯಲ್ಲಿ ಕಾಯಿಲ್ ತುಂಬುವುದುಂಟು. ಇನ್ನೊಂದು ಫ್ಲೋ ಡೈವರ್ಟರ್. ಉಬ್ಬಿನೊಳಗೆ ಏನೂ ತುಂಬುವುದಿಲ್ಲ. ಮೂಲ ನಾಳದಲ್ಲಿ ಒತ್ತೊತ್ತಾಗಿ ಹೆಣೆದ ಜಾಲರಿಯ ಕೊಳವೆ ಇಡುತ್ತಾರೆ. ರಕ್ತ ನೇರ ಹರಿದುಹೋಗುತ್ತದೆ, ಉಬ್ಬಿನೊಳಗಿನ ರಕ್ತ ನಿಧಾನವಾಗಿ ಹೆಪ್ಪುಗಟ್ಟುತ್ತದೆ, ಜಾಲರಿಯ ಮೇಲೆ ಹೊಸ ಒಳಪದರ ಬೆಳೆಯುತ್ತದೆ. ಪೈಪ್‌ಲೈನ್ ಎಂಬುದಕ್ಕೆ 2011ರಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. 48 ಎಳೆಯ ಹೆಣಿಗೆ.

ನಮ್ಮವರದ್ದೂ ಉಂಟು. ತಿರುವನಂತಪುರದ ಶ್ರೀಚಿತ್ರಾ ವೈದ್ಯಕೀಯ ಸಂಸ್ಥೆ ನಿಟಿನಾಲ್ (ನಿಕ್ಕಲ್-ಟೈಟಾನಿಯಂ ಮಿಶ್ರಲೋಹ) ಫ್ಲೋ ಡೈವರ್ಟರ್ ಮಾಡಿದೆ, ವಿಮಾನ ಸಂಶೋಧನೆ ಮಾಡುವ ಬೆಂಗಳೂರಿನ ಎನ್‌ಎಎಲ್ ಜೊತೆ ಸೇರಿ. 2020ರಲ್ಲಿ ತಂತ್ರಜ್ಞಾನವನ್ನು ಪುಣೆಯ ಕಂಪೆನಿಗೆ ಕೊಟ್ಟರು.

ಬೈಕಂಪಾಡಿ ಲೇತ್
ವಿಮಾನದ ಲ್ಯಾಬಿನವರು! ಕೇಳಿ ಖುಷಿಯಾಯ್ತು. ನಿಟಿನಾಲ್ ತಂತಿ ಎಳೆಯುವುದು ಎಷ್ಟು ಕಷ್ಟ ಅಂತ ನಮಗೆ ಗೊತ್ತುಂಟು.

ಮೂಡುಬಿದಿರೆ ಅಕ್ಕ
ಡಾಕ್ಟ್ರೇ, ನಮ್ಮ ಭಾವನಿಗೆ ಹಾಕಿದ್ದು ಈ ಜಾಲರಿಯದ್ದೇ, ಹೋದ ತಿಂಗಳು. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡೂ ತಗೊಳ್ಳಿ ಅಂದಿದ್ದಾರೆ. ಈಗ ಹಲ್ಲು ಕೀಳಿಸಬೇಕು, ರಕ್ತ ನಿಲ್ಲಲಿಕ್ಕಿಲ್ಲ ಅಂತ ನಿನ್ನೆಯಿಂದ ತಾವೇ ಮಾತ್ರೆ ನಿಲ್ಲಿಸಿದ್ದಾರೆ. ಪರವಾಗಿಲ್ವಾ?

ನ್ಯೂರೋ ಪಿಜಿ
ಅಕ್ಕ, ಪರವಾಗಿಲ್ಲ ಅಲ್ಲ! ಇಷ್ಟು ಹೊಸ ಜಾಲರಿಯ ಮೇಲೆ ರಕ್ತ ಹೆಪ್ಪುಗಟ್ಟಿದರೆ ನಾಳವೇ ಮುಚ್ಚಿ ಸ್ಟ್ರೋಕ್ ಆಗಬಹುದು. ಹಾಕಿದ ಡಾಕ್ಟ್ರಿಗೆ ಈಗಲೇ ಫೋನ್ ಮಾಡಿ, ಅವರು ಹೇಳಿದ ಹಾಗೆ ಮಾತ್ರೆ ಶುರು ಮಾಡಿಸಿ. ಹಲ್ಲಿನ ಡಾಕ್ಟ್ರಿಗೆ ಅವರೇ ಮಾತಾಡಲಿ. ಮಾತು ತೊದಲಿದರೆ, ಕೈ ಸೋತರೆ ಫೋನಿಗೂ ಕಾಯಬೇಡಿ, ನೇರ ಕ್ಯಾಶುವಾಲ್ಟಿಗೆ ಕರ್ಕೊಂಡು ಹೋಗಿ.

ಮೂಡುಬಿದಿರೆ ಅಕ್ಕ
ಫೋನ್ ಮಾಡಿದೆ. ಇವತ್ತು ರಾತ್ರಿಯದ್ದು ತಪ್ಪಿಸಬೇಡಿ, ನಾಳೆ ಹತ್ತು ಗಂಟೆಗೆ ಕರ್ಕೊಂಡು ಬನ್ನಿ ಅಂದ್ರು. ಮಾತ್ರೆ ನನ್ನೆದುರಿಗೇ ನುಂಗಿಸಿದೆ.